ಉಣಕಲ್ ಕೆರೆಯಲ್ಲಿ ಹಡಗಿನ ತಿರುವಿನ ಲೆಕ್ಕ

ಹಡಗು ಹೇಗೆ ತಿರುಗುತ್ತದೆ ಅಂತ ಕಲಿಯೋಕೆ ಸಮುದ್ರವೇ ಬೇಕಾಗಿಲ್ಲ. ಮೀಟರ್ ಉದ್ದದ ರಿಮೋಟ್ ದೋಣಿ, ಚುಕ್ಕಾಣಿಯನ್ನು ಹೇಳಿದ ಕೋನಕ್ಕೆ ತಿರುಗಿಸುವ ಸರ್ವೋ ಮೋಟಾರ್, ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ತಿರುಗುವ ವೇಗ ಅಳೆಯುವ ಜೈರೋ ಸೆನ್ಸರ್, ಮೆಮರಿ ಕಾರ್ಡ್ ಇದ್ದರೆ ಉಣಕಲ್ ಕೆರೆ ಸಾಕು. ಹುಬ್ಬಳ್ಳಿಯಲ್ಲಿ ನನ್ನ ಹತ್ತಿರ ಬರುವ ಹುಡುಗರಿಗೆ ಹೀಗೇ ಕಲಿಸುತ್ತೇನೆ. ಕೆರೆ ನೋಡಿಕೊಳ್ಳುವವರನ್ನು ಮೊದಲು ಕೇಳಿ. ಬೆಳಗ್ಗೆ ಬೇಗ ಹೋಗಿ. ಆಷಾಢದ ಗಾಳಿಯಲ್ಲಿ ಬೇಡವೇ ಬೇಡ. ದೋಣಿಯನ್ನು ತಿರುಗಿಸಿದ್ದು ಚುಕ್ಕಾಣಿಯೋ ಗಾಳಿಯೋ ಗೊತ್ತಾಗುವುದಿಲ್ಲ.

ದೋಣಿಯನ್ನು ದಡದಲ್ಲಿ ಒಂದು ನಿಮಿಷ ಅಲುಗಾಡದಂತೆ ಇಟ್ಟು ಜೈರೋ ತೋರಿಸುವ ಸುಳ್ಳು ವೇಗದ ಸರಾಸರಿ ತೆಗೆಯಿರಿ. ಮುಂದೆ ಎಲ್ಲ ಅಳತೆಯಿಂದ ಅದನ್ನು ಕಳೆಯಬೇಕು.

ಈಗ ಜಿಗ್‌ಜಾಗ್, ಅಂದರೆ ಬಲಕ್ಕೆ ಎಡಕ್ಕೆ ತಿರುಗಿಸುತ್ತಾ ಓಡಿಸುವ ಪರೀಕ್ಷೆ. ಮೋಟಾರ್ ವೇಗ ಬದಲಿಸದೆ ಚುಕ್ಕಾಣಿಯನ್ನು ಬಲಕ್ಕೆ 20 ಡಿಗ್ರಿ ಹಾಕಿ. ದೋಣಿಯ ಮುಖ 20 ಡಿಗ್ರಿ ತಿರುಗಿದ ಕೂಡಲೇ ಎಡಕ್ಕೆ 20. ಚುಕ್ಕಾಣಿ ಎಡಕ್ಕೆ ಹೋದರೂ ದೋಣಿ ಇನ್ನಷ್ಟು ಬಲಕ್ಕೇ ಹೋಗುತ್ತದೆ, ನೋಡ್ರಿ, ಅದೇ ಓವರ್‌ಶೂಟ್. ದೊಡ್ಡ ಹಡಗುಗಳಿಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2002ರಲ್ಲಿ ಒಪ್ಪಿದ ಮಾನದಂಡದಲ್ಲಿ ಈ ಪರೀಕ್ಷೆಯ ಮೊದಲ ಓವರ್‌ಶೂಟ್ 25 ಡಿಗ್ರಿ ಮೀರಬಾರದು. ಪ್ರತಿ 0.1 ಸೆಕೆಂಡಿಗೆ ಚುಕ್ಕಾಣಿಯ ಕೋನ, ತಿರುಗುವ ವೇಗ ಎರಡನ್ನೂ ಬರೆದುಕೊಳ್ಳಿ. ಸರ್ವೋಗೆ ಕೊಟ್ಟ ಆಜ್ಞೆ ಬೇರೆ, ಚುಕ್ಕಾಣಿ ನಿಜವಾಗಿ ಇರುವ ಕೋನ ಬೇರೆ. ನಮಗೆ ಬೇಕಾದ್ದು ಎರಡನೆಯದು.

ಈ ಅಳತೆಗಳಿಂದ ದೋಣಿಯ ತಿರುವನ್ನು ಮೊದಲೇ ಹೇಳುವ ಲೆಕ್ಕ, ಅಂದರೆ ಮಾದರಿ, ಕಟ್ಟಬೇಕು. ಅದಕ್ಕೆ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ತಾನೇ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ) ಕಡೆ ಈಗಲೇ ಓಡಬೇಡಿ. ಜಪಾನಿನ ನೊಮೊಟೊ 1957ರಲ್ಲಿ ಕೊಟ್ಟ ಸರಳ ಮಾದರಿಯಿಂದ ಶುರು ಮಾಡಿ. ಮುಂದಿನ ಕ್ಷಣದ ತಿರುಗುವ ವೇಗ = ಎ × ಈಗಿನ ವೇಗ + ಬಿ × ಚುಕ್ಕಾಣಿ ಕೋನ. ಎಕ್ಸೆಲ್‌ನಲ್ಲಿರುವ ಲೈನೆಸ್ಟ್ (LINEST) ಎಂಬ ಸೂತ್ರ ಅಳತೆಗಳಿಗೆ ಹೊಂದುವ ಎ, ಬಿ ಎರಡನ್ನೂ ಹುಡುಕಿ ಕೊಡುತ್ತದೆ. ಎ 0.95, ಬಿ 0.05 ಬಂತು ಅನ್ನಿ. 0.1 ಅನ್ನು (1 − ಎ) ಇಂದ ಭಾಗಿಸಿದರೆ 2 ಸೆಕೆಂಡ್. ದೋಣಿ ಚುಕ್ಕಾಣಿಗೆ ಓಗೊಡಲು ಹಿಡಿಯುವ ಹೊತ್ತು ಅದು. ಬಿ ಅನ್ನು (1 − ಎ) ಇಂದ ಭಾಗಿಸಿದರೆ 1. ಅಂದರೆ 20 ಡಿಗ್ರಿ ಚುಕ್ಕಾಣಿಗೆ ಕೊನೆಗೆ ಸೆಕೆಂಡಿಗೆ 20 ಡಿಗ್ರಿ ತಿರುವು.

ನಾನು ಪಟ್ಟು ಹಿಡಿದು ಹೇಳುವುದು ಪರೀಕ್ಷಿಸುವ ವಿಷಯದಲ್ಲಿ. ಒಂದೇ ಓಟದ ಸಾಲುಗಳನ್ನು ಕಲಸಿ, ಕೆಲವನ್ನು ಪರೀಕ್ಷೆಗೆ ಎತ್ತಿಟ್ಟರೆ ಫಲಿತಾಂಶ ಸುಮ್ನೆ ಚೆನ್ನಾಗಿ ಕಾಣುತ್ತದೆ. 0.1 ಸೆಕೆಂಡಿನ ಅಂತರದ ಎರಡು ಅಳತೆ ಹೆಚ್ಚುಕಡಿಮೆ ಒಂದೇ ಅಲ್ವಾ? ಹಳೆಯ ಪ್ರಶ್ನೆಪತ್ರಿಕೆಯನ್ನೇ ಮತ್ತೆ ಕೊಟ್ಟು ಅಂಕ ಎಣಿಸಿದ ಹಾಗೆ. ಜಿಗ್‌ಜಾಗ್‌ನಿಂದ ಕಲಿತ ಮಾದರಿಗೆ ಅದು ನೋಡದ ಓಟ ಕೊಡಿ, ಪೂರ್ತಿ ಸುತ್ತು ಹಾಕುವಂಥದ್ದು. ಮೊದಲ ಕ್ಷಣದ ತಿರುಗುವ ವೇಗ ಮತ್ತು ಓಟದುದ್ದಕ್ಕೂ ಇದ್ದ ಚುಕ್ಕಾಣಿ ಕೋನ ಮಾತ್ರ ಕೊಟ್ಟು ಕೊನೆಯವರೆಗೆ ಅದೇ ಲೆಕ್ಕ ಹಾಕಿಕೊಂಡು ಹೋಗಲಿ.

ಚುಕ್ಕಾಣಿಯನ್ನು 35 ಡಿಗ್ರಿ ಹಾಕಿ ಹೊಡೆದ ಸುತ್ತಿನಲ್ಲಿ ಮಾದರಿ ನಿಜಕ್ಕಿಂತ ಜಾಸ್ತಿ ತಿರುವು ತೋರಿಸುವ ಸಾಧ್ಯತೆ ಹೆಚ್ಚು. ಜೋರಾಗಿ ತಿರುಗಿದಷ್ಟೂ ನೀರಿನ ತಡೆ ಏರುತ್ತದೆ, ದೋಣಿ ನಿಧಾನವಾಗುತ್ತದೆ. ಆಗ ತಿರುಗುವ ವೇಗದ ಘನವನ್ನು (ವೇಗ × ವೇಗ × ವೇಗ) ಇನ್ನೊಂದು ಕಾಲಮ್ ಆಗಿ ಸೇರಿಸಿ ಮತ್ತೆ ಲೈನೆಸ್ಟ್ ನಡೆಸಿ. ಅದರ ಮೇಲೂ ತಪ್ಪು ಉಳಿದರೆ, ಆ ಉಳಿದ ತಪ್ಪನ್ನಷ್ಟೇ ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸಿ.