ಶಿವಮೊಗ್ಗದಿಂದ ಆಗುಂಬೆಗೆ: ಕೊನೆಯ ಸೈಕಲ್ಲಿನ ಲೆಕ್ಕದಲ್ಲಿ ಒಂದು ದಿನ

ದಾವಣಗೆರೆಯಿಂದ ಉಡುಪಿಗೆ ಮೂರು ದಿನದ ಸೈಕಲ್ ಸವಾರಿ ಹಾಕಿದರೆ, ಕಾಲಿನ ಬಲ ಪೂರ್ತಿ ಕೇಳುವುದು ಎರಡನೇ ದಿನ. ಮೊದಲ ದಿನ ಹೊನ್ನಾಳಿ ಮೇಲೆ ಶಿವಮೊಗ್ಗಕ್ಕೆ ಬರುವ ದಾರಿ ಬಹುತೇಕ ಬಯಲು. ಮೂರನೇ ದಿನ ಘಾಟಿ ಇಳಿದರೆ ಮುಂದೆ ಹೆಬ್ರಿ, ಉಡುಪಿ. ನಡುವಿನ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ದಾರಿ ಸುಮಾರು 95 ಕಿ.ಮೀ. ಶಿವಮೊಗ್ಗ ಸಮುದ್ರಮಟ್ಟದಿಂದ 570 ಮೀಟರ್ ಆಸುಪಾಸಿನಲ್ಲಿದೆ, ಆಗುಂಬೆ 650ರ ಆಸುಪಾಸಿನಲ್ಲಿ. ಬರೀ ಎಂಬತ್ತು ಮೀಟರ್ ಏರು ತಾನೇ ಎಂದುಕೊಂಡು ಹೊರಟವರ ಲೆಕ್ಕ ಮಂಡಗದ್ದೆ ದಾಟುವ ಹೊತ್ತಿಗೆ ತಪ್ಪಿರುತ್ತದೆ. ತುಂಗೆಯನ್ನು ಎದುರು ಹಿಡಿದು ಹೋಗುವ ಈ ರಸ್ತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಒಂದೊಂದು ಏರೂ ಚಿಕ್ಕದು. ಆದರೆ ಅವಕ್ಕೆ ಕೊನೆಯೇ ಇಲ್ಲ.

ಹನ್ನೆರಡು ಜನರ ತಂಡವಾದರೆ ದಿನದ ವೇಗ ಹನ್ನೆರಡನೆಯವರದ್ದು. ಇದನ್ನು ಹಿಂದಿನ ರಾತ್ರಿಯೇ ಎಲ್ಲರಿಗೂ ಹೇಳಿಬಿಡುತ್ತೇನೆ. ಎಲ್ಲರಿಗಿಂತ ಗಟ್ಟಿ ಕಾಲಿನವರನ್ನು ನಾನು ಮುಂದೆ ಬಿಡುವುದಿಲ್ಲ, ಕೊನೆಯಲ್ಲಿ ಇರಿಸುತ್ತೇನೆ. ದೊಡ್ಡ ಪಂಪು, ಚೈನ್ ಕಟರ್, ಔಷಧಿ ಚೀಲ ಅವರ ಹತ್ತಿರವೇ ಇರುತ್ತವೆ, ಏಕೆಂದರೆ ಕೆಟ್ಟು ನಿಂತ ಸೈಕಲ್ಲನ್ನು ಅವರು ದಾಟಿ ಹೋಗುವ ಹಾಗಿಲ್ಲ. ಸಾಮಾನು ಮುಂದಿನವರ ಬಳಿ ಇದ್ದರೆ, ಪಂಕ್ಚರ್ ಆದವರು ಹತ್ತು ಕಿ.ಮೀ. ಹಿಂದೆ ಬರಿಗೈಯಲ್ಲಿ ನಿಂತಿರುತ್ತಾರೆ. ಮುಂದೆ ಹೋಗಬೇಕಾದವರು ಏರಿನಲ್ಲೂ ಬಯಲಿನಲ್ಲೂ ಒಂದೇ ಹದದಲ್ಲಿ ತುಳಿಯುವವರು.

ಹನ್ನೆರಡೂ ಸೈಕಲ್ ಒಂದೇ ಸಾಲಿನಲ್ಲಿ ಹೋಗುವುದು ಅಪಾಯ. ತಿರುವು ಜಾಸ್ತಿ ಇರುವ ರಸ್ತೆಯಲ್ಲಿ ಬಸ್ಸಿನವರಿಗೆ ಅಷ್ಟು ಉದ್ದದ ಸಾಲು ದಾಟಲು ಜಾಗ ಸಿಗುವುದಿಲ್ಲ. ಅರ್ಧ ದಾಟಿದ ಮೇಲೆ ಎದುರಿಗೆ ಲಾರಿ ಬಂದರೆ ಬಸ್ಸು ಎಡಕ್ಕೆ ಬರಲೇಬೇಕು, ಎಡದಲ್ಲಿರುವುದು ನಾವು. ಅದಕ್ಕೆ ನಾಲ್ಕು ನಾಲ್ಕು ಜನರ ಮೂರು ಗುಂಪು, ಗುಂಪಿಗೂ ಗುಂಪಿಗೂ ನೂರು ಮೀಟರ್ ಅಂತರ. ಹಗಲಲ್ಲೂ ಹಿಂದಿನ ಕೆಂಪು ದೀಪ ಮಿನುಗುತ್ತಿರಬೇಕು. ಬಿಸಿಲಿನಿಂದ ಮರದ ನೆರಳಿಗೆ ಹೊಕ್ಕ ಕ್ಷಣದಲ್ಲಿ ಡ್ರೈವರ್ ಕಣ್ಣಿಗೆ ಸೈಕಲ್ ಕಾಣುವುದು ಆ ದೀಪದಿಂದಲೇ.

ಹೊರಡುವುದು ಬೆಳಗ್ಗೆ 6.30ಕ್ಕೆ. ತುಳಿಯುವ ವೇಗ ಗಂಟೆಗೆ 16 ಕಿ.ಮೀ. ಎಂದು ಹಿಡಿದರೆ ಆರು ಗಂಟೆ ಸವಾರಿ, ನಿಲುಗಡೆಗಳಿಗೆ ಮೂರು ಗಂಟೆ. 3.30ಕ್ಕೆ ಆಗುಂಬೆ ಮುಟ್ಟಬೇಕು. ನವೆಂಬರಿನಲ್ಲೂ ಆ ಕಡೆ ಮಧ್ಯಾಹ್ನದ ಮೇಲೆ ಮಳೆ ಬರುವುದುಂಟು. ಸಂಜೆಯಾದರೆ ಸೂರ್ಯಾಸ್ತ ನೋಡಲು ಬರುವ ಕಾರುಗಳೂ ಸೇರುತ್ತವೆ.

ಗಾಳಿಯ ಮಾತು ಮೊದಲು. 32 ಮಿ.ಮೀ. ಟೈರು, ಎಪ್ಪತ್ತು ಕಿಲೋ ತೂಕದ ಸವಾರ, ಹಿಂದೆ ಸಣ್ಣ ಚೀಲ ಎಂದರೆ ಮುಂದಿನ ಚಕ್ರಕ್ಕೆ 55 ಪಿಎಸ್‌ಐ, ಹಿಂದಿನದಕ್ಕೆ 65. ರಸ್ತೆ ಒದ್ದೆಯಿದ್ದರೆ ಎರಡರಲ್ಲೂ ಐದು ಕಡಿಮೆ. ಎರಡು ಇಂಚಿನ ದಪ್ಪ ಟೈರಿನ ಸೈಕಲ್ಲಿಗೆ 35ರಿಂದ 40 ಸಾಕು. ಕಲ್ಲಿನಂತೆ ಗಾಳಿ ತುಂಬಿಸಿಕೊಂಡವರ ಕೈ, ಸೊಂಟ ಎರಡೂ ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಹಿಡಿದುಕೊಂಡಿರುತ್ತವೆ.

ಗಾಜನೂರು, ಸಕ್ರೆಬೈಲು ದಾಟುವವರೆಗೆ ಯಾರೂ ದೊಡ್ಡ ಗೇರಿಗೆ ಹೋಗಬಾರದು ಎನ್ನುವುದು ನಮ್ಮ ಕಟ್ಟಳೆ. ತಣ್ಣಗಿನ ಸ್ನಾಯುವಿಗೆ ಭಾರ ಹಾಕಿದರೆ ಮಂಡಿನೋವು ಅದೇ ದಿನ ಮಧ್ಯಾಹ್ನ ಬರುತ್ತದೆ. ಆಮೇಲೆ ಏರಿಳಿತ ಶುರುವಾದಾಗ ಹೊಸಬರು ಎರಡು ತಪ್ಪು ಮಾಡುತ್ತಾರೆ. ಇಳಿಜಾರಿನ ಓಟದಲ್ಲೇ ಮುಂದಿನ ಏರನ್ನು ಹತ್ತಿಬಿಡಬಹುದೆಂದು ಭಾರದ ಗೇರಿನಲ್ಲಿ ಬಂದು, ಏರಿನ ನಡುವೆ ಓಟ ಸತ್ತ ಮೇಲೆ ಪೆಡಲಿನ ಮೇಲೆ ನಿಂತುಕೊಂಡೇ ಗೇರು ಬದಲಿಸುತ್ತಾರೆ. ಆಗ ಚೈನು ಜಿಗಿಯುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಏರಿನ ಬುಡದಲ್ಲೇ, ಕಾಲು ಇನ್ನೂ ಹಗುರವಾಗಿ ತಿರುಗುತ್ತಿರುವಾಗ ಗೇರು ಇಳಿಸಿ, ನಿಮಿಷಕ್ಕೆ ಎಪ್ಪತ್ತು ಎಂಬತ್ತು ಸುತ್ತು ಬರುವ ಹಾಗೆ ನೋಡಿಕೊಳ್ಳಬೇಕು. ಇನ್ನೊಂದು ತಪ್ಪು, ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಇಳಿಯುವುದು. ಮುಂದಿನವರು ಏರಿಗೆ ಸಿಕ್ಕಿ ನಿಧಾನಿಸುವ ಹೊತ್ತಿಗೆ ಹಿಂದಿನವರು ಇನ್ನೂ ಇಳಿಜಾರಿನಲ್ಲಿರುತ್ತಾರೆ. ಐದು ಸೈಕಲ್ ಉದ್ದದ ಅಂತರ ಬೇಕು. ಹಿಂದಿನ ಗೇರಿನಲ್ಲಿ 34 ಹಲ್ಲಿನ ಚಕ್ರ ಇದ್ದವರಿಗೆ ಈ ದಾರಿ ಸಲೀಸು. 28 ಹಲ್ಲಿನದ್ದೇ ಕೊನೆಯಾದರೆ ಎಪ್ಪತ್ತು ಕಿ.ಮೀ. ಆದ ಮೇಲೆ ತೊಡೆ ಹಿಡಿಯುತ್ತದೆ.

ತಿಂಡಿ ಮಂಡಗದ್ದೆಯಲ್ಲಿ, 30 ಕಿ.ಮೀ. ಆದಮೇಲೆ. ಹೊರಡುವ ಮುಂಚೆ ಎರಡು ಬಾಳೆಹಣ್ಣು, ಒಂದು ಕಾಫಿ ಆಗಿರುತ್ತದೆ. ಸಣ್ಣ ಊರಿನ ಹೋಟೆಲಿಗೆ ಹನ್ನೆರಡು ಜನ ಹೇಳದೆ ಕೇಳದೆ ನುಗ್ಗಿದರೆ ಅವರಿಗೂ ಕಷ್ಟ, ನಮಗೂ ನಲವತ್ತು ನಿಮಿಷ ನಷ್ಟ. ಹಿಂದಿನ ಸಂಜೆಯೇ ಫೋನ್ ಮಾಡಿ ಇಷ್ಟು ಜನ, ಇಷ್ಟು ಹೊತ್ತಿಗೆ ಎಂದು ಹೇಳುತ್ತೇನೆ. ದೋಸೆ ಕೇಳಬಾರದು, ಒಂದೊಂದಾಗಿ ಹುಯ್ಯಬೇಕಲ್ಲ. ಇಡ್ಲಿಯೋ ಕಡುಬೋ ಬೆಂದು ಸಿದ್ಧವಾಗಿರುತ್ತದೆ. ಇಪ್ಪತ್ತೈದು ನಿಮಿಷದಲ್ಲಿ ಎದ್ದುಬಿಡಬಹುದು. ಬನ್ಸು, ಪೂರಿ, ಬೋಂಡ ಬೇಡ. ಎಣ್ಣೆ ಪದಾರ್ಥ ಹೊಟ್ಟೆಯಲ್ಲೇ ಕೂತಿರುತ್ತದೆ, ಏರಿನಲ್ಲಿ ಹುಳಿತೇಗು ಬರುತ್ತದೆ.

ಅಲ್ಲಿಂದ ಮುಂದೆ ಪ್ರತಿ ಮುಕ್ಕಾಲು ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಲೇಬೇಕು: ಎರಡು ಏಲಕ್ಕಿ ಬಾಳೆ, ಇಲ್ಲವೇ ಒಂದು ಶೇಂಗಾ ಚಿಕ್ಕಿ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಎರಡು ಬಾಟಲಿಯಲ್ಲಿ ಒಂದಕ್ಕೆ ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿಗೆ ಸುರಿಯಬೇಡಿ, ದಪ್ಪ ದ್ರಾವಣ ಹೊಟ್ಟೆ ಕೆಡಿಸುತ್ತದೆ. ಮಲೆನಾಡಿನ ನೆರಳಿನಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಮಾತ್ರ ತೇವದ ಗಾಳಿಯಲ್ಲಿ ಆರದೆ ಸುರಿಯುತ್ತಲೇ ಇರುತ್ತದೆ. ಮಧ್ಯಾಹ್ನದ ಮೇಲೆ ಹಿಂದೆ ಬೀಳುವವರಲ್ಲಿ ಹೆಚ್ಚಿನವರಿಗೆ ಕಾಲು ಸೋತಿರುವುದಿಲ್ಲ, ಹೊಟ್ಟೆ ಖಾಲಿಯಾಗಿರುತ್ತದೆ. ಮಾತು ನಿಲ್ಲಿಸಿದವರನ್ನು ಕೊನೆಯ ಸವಾರ ಗಮನಿಸಬೇಕು. ಮೊದಲ ಸುಳಿವು ಅದೇ.

ಪಂಕ್ಚರ್ ಆದರೆ ನಿಲ್ಲುವುದು ಮೂರೇ ಜನ: ಸೈಕಲ್ಲಿನವರು, ಕೊನೆಯ ಸವಾರ, ಇನ್ನೊಬ್ಬರು. ಉಳಿದವರು ಮುಂದಿನ ನಿಲುಗಡೆಗೆ ಹೋಗಿ ಕಾಯುತ್ತಾರೆ. ರಸ್ತೆ ಬದಿಯಲ್ಲಿ ಪ್ಯಾಚ್ ಹಾಕುತ್ತಾ ಕೂರುವುದಿಲ್ಲ, ಟ್ಯೂಬು ಬದಲಿಸುತ್ತೇವೆ. ತೇವದ ಗಾಳಿಯಲ್ಲಿ ಸೊಲ್ಯೂಷನ್ ಒಣಗಲು ಐದು ನಿಮಿಷವಾದರೂ ಬೇಕು. ಅವಸರದಲ್ಲಿ ಅಂಟಿಸಿದ ಪ್ಯಾಚು ಮುಂದಿನ ಏರಿನಲ್ಲಿ ಬಿಟ್ಟುಕೊಳ್ಳುತ್ತದೆ. ಹೊಸ ಟ್ಯೂಬು ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆ ಆಡಿಸಿ ನೋಡಿ. ಮುಳ್ಳಿನ ತುದಿಯೋ ತಂತಿಯ ಎಳೆಯೋ ಅಲ್ಲೇ ಸಿಕ್ಕಿಕೊಂಡಿದ್ದರೆ ಬಟ್ಟೆಯ ನೂಲು ಹಿಡಿಯುತ್ತದೆ.

ತೀರ್ಥಹಳ್ಳಿಯಲ್ಲಿ ಗಾಳಿ ಹಾಕಿಸಬೇಕಾದರೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಜೇಬಿನಲ್ಲಿರಲಿ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಬಾಯಿ ಬೈಕಿನ ವಾಲ್ವಿಗೆ ಹೊಂದುವಂಥದ್ದು, ನಮ್ಮ ಸಪೂರ ಪ್ರೆಸ್ಟಾ ವಾಲ್ವಿಗೆ ಕೂರುವುದಿಲ್ಲ. ‘ಸ್ವಲ್ಪ ಸ್ವಲ್ಪವೇ ಬಿಡಿ ಅಣ್ಣಾ’ ಎಂದು ಹೇಳಿಕೊಳ್ಳಬೇಕು, ಸಣ್ಣ ಟ್ಯೂಬು ಕಣ್ಣು ಮಿಟುಕಿಸುವುದರೊಳಗೆ ತುಂಬಿ ಒಡೆಯುತ್ತದೆ. 700ರ ಅಳತೆಯ ಟ್ಯೂಬು, ಹಿಂದಿನ ಗೇರು ತೂಗುವ ಹ್ಯಾಂಗರ್, ಚೈನಿನ ಕ್ವಿಕ್ ಲಿಂಕ್ ಮೂರನ್ನೂ ಪ್ರತಿಯೊಬ್ಬರೂ ತಮ್ಮದನ್ನೇ ತರಬೇಕು. ಹ್ಯಾಂಗರ್ ಒಂದು ಸೈಕಲ್ಲಿನದು ಇನ್ನೊಂದಕ್ಕೆ ಹೊಂದುವುದು ಅಪರೂಪ. ಒಂಬತ್ತು ಗೇರಿನ ಚೈನಿಗೂ ಹನ್ನೊಂದರದ್ದಕ್ಕೂ ಲಿಂಕ್ ಬೇರೆ.

ಊಟ ತೀರ್ಥಹಳ್ಳಿಯಲ್ಲಿ, ಹನ್ನೆರಡರ ಒಳಗೆ. ಅನ್ನ, ಸಾರು, ಪಲ್ಯ, ಮಜ್ಜಿಗೆ. ಹೊಟ್ಟೆಯ ಮುಕ್ಕಾಲು ಭಾಗ ಸಾಕು. ಇಲ್ಲಿ ಕೊಪ್ಪ, ಶೃಂಗೇರಿ ಕಡೆಗೆ ಒಂದು ದಾರಿ, ಆಗುಂಬೆಗೆ ಇನ್ನೊಂದು. ಕವಲಿನಲ್ಲಿ ಮೊದಲು ಬಂದವರು ಎರಡನೆಯ ಗುಂಪು ಕಣ್ಣಿಗೆ ಬೀಳುವವರೆಗೆ ನಿಲ್ಲಬೇಕು, ಅವರು ಮೂರನೆಯ ಗುಂಪಿಗೆ. ಫೋನನ್ನು ನಂಬಿಕೊಂಡು ಈ ಪದ್ಧತಿ ಬಿಡಬೇಡಿ, ಮುಂದೆ ಸಿಗ್ನಲ್ ಬರುತ್ತದೆ ಹೋಗುತ್ತದೆ. ದಾರಿ ಕೇಳುವಾಗ ‘ಎಷ್ಟು ದೂರ’ ಎಂದರೆ ‘ಇಲ್ಲೇ ಮಾರಾಯ್ರೆ’ ಎಂಬ ಉತ್ತರ ಸಿಗುತ್ತದೆ. ‘ಏರು ಎಷ್ಟಿದೆ’ ಎಂದು ಕೇಳಿದರೆ ಸರಿಯಾಗಿ ಹೇಳುತ್ತಾರೆ.

ಮೇಗರವಳ್ಳಿ ಕಡೆಯ ದಾರಿ ಕಿರಿದು, ನೆರಳು ದಟ್ಟ. ಬಿಸಿಲು ಬೀಳದ ಕಡೆ ಡಾಂಬರಿನ ಅಂಚಿನಲ್ಲಿ ಪಾಚಿ ಹಿಡಿದಿರುತ್ತದೆ, ಆದ್ದರಿಂದ ಬಿಳಿ ಗೆರೆಯ ಮೇಲೆ ತುಳಿಯದೆ ಒಂದು ಅಡಿ ಒಳಗೇ ಹೋಗಬೇಕು. ಕೊಯ್ಲಿನ ಕಾಲದಲ್ಲಿ ರಸ್ತೆಗೆ ಬಿದ್ದ ಬತ್ತದ ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಳ್ಳುತ್ತದೆ. ಆಗ ತುಳಿಯುವುದನ್ನು ತಕ್ಷಣ ನಿಲ್ಲಿಸಿ. ಜಗ್ಗಿ ತುಳಿದರೆ ಹ್ಯಾಂಗರ್ ಬಾಗುತ್ತದೆ, ಇಲ್ಲವೇ ಗೇರು ಕಡ್ಡಿಗಳಿಗೆ ಸಿಕ್ಕಿ ಮುರಿಯುತ್ತದೆ. ದಣಿವಾಯಿತೆಂದು ಕಾಡಿನ ತರಗೆಲೆಯ ಮೇಲೆ ಕೂರುವುದು ಬೇಡವೇ ಬೇಡ. ರಕ್ತ ಹೀರುವ ಉಂಬಳಕ್ಕೆ (ಕಾಡಿನ ಜಿಗಣೆ) ಉಪ್ಪಿನ ಗಂಟು ಮುಟ್ಟಿಸಿದರೆ ಬಿಡುತ್ತದೆ. ಉಣುಗಿನ ಮಾತು ಬೇರೆ, ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೂ ಅದರ ಭಯವಿದೆ. ಬಸ್ ನಿಲ್ದಾಣದ ಕಟ್ಟೆ ಸಿಗುವವರೆಗೆ ತುಳಿದು ಅಲ್ಲಿ ಕೂರುತ್ತೇವೆ.

ಆಗುಂಬೆ ಮುಟ್ಟಿದ ಮೇಲೆ ಸ್ನಾನಕ್ಕಿಂತ ಮುಂಚೆ ಸೈಕಲ್. ಚೈನನ್ನು ಬಟ್ಟೆಯಲ್ಲಿ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ, ಹತ್ತು ನಿಮಿಷ ಬಿಟ್ಟು ಮತ್ತೆ ಒರೆಸುವುದು. ಡಿಸ್ಕ್ ಬ್ರೇಕ್ ಇದ್ದವರು ಎಣ್ಣೆಯ ಕೈಯಲ್ಲಿ ಡಿಸ್ಕ್ ಮುಟ್ಟಬಾರದು. ಪ್ಯಾಡಿನ ಪದರ ಒಂದು ಮಿ.ಮೀ.ಗಿಂತ ಕಡಿಮೆಯಿದ್ದರೆ ಅಲ್ಲೇ ಬದಲಿಸಬೇಕು. ರಿಮ್ ಬ್ರೇಕಿನ ರಬ್ಬರಿನಲ್ಲಿ ಹೊಳೆಯುವ ಚೂರು ಕಂಡರೆ ಪಿನ್ನಿನಿಂದ ಕಿತ್ತು ತೆಗೆಯಿರಿ. ಬ್ರೇಕಿನ ಹಿಡಿ ಹ್ಯಾಂಡಲಿಗೆ ತಾಗುವಷ್ಟು ಬಂದರೆ ಕೇಬಲ್ ಬಿಗಿ ಮಾಡಬೇಕು. ಇಷ್ಟೂ ಆಗದ ಸೈಕಲ್ ಮರುದಿನ ಘಾಟಿಗೆ ಇಳಿಯುವುದಿಲ್ಲ, ಪಿಕಪ್ಪಿನಲ್ಲಿ ಹೋಗುತ್ತದೆ. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಘಾಟಿಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳಿವೆ. ಬಸ್ಸು ತಿರುಗುವಾಗ ರಸ್ತೆಯ ಪೂರ್ತಿ ಅಗಲ ಬೇಕಾಗುತ್ತದೆ. ಹಾಗಾಗಿ ಮಂಜು ಕರಗಿದ ಮೇಲೆ, 7.30ರ ನಂತರವೇ ಹೊರಡುತ್ತೇವೆ. ಇಬ್ಬರ ನಡುವೆ ಐವತ್ತು ಮೀಟರ್. ತಿರುವಿಗೆ ಮುಂಚೆಯೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿಕೊಂಡು, ತಿರುವಿನೊಳಗೆ ಬಿಡುವುದು. ಉದ್ದಕ್ಕೂ ಹಿಡಿದೇ ಇಳಿದರೆ ರಿಮ್ಮು ಕಾದು ಟ್ಯೂಬು ಒಡೆಯುತ್ತದೆ. ಐದನೆಯ, ಹತ್ತನೆಯ ತಿರುವು ದಾಟಿದ ಮೇಲೆ ಜಾಗ ನೋಡಿ ನಿಂತು ಕೈ ಸಡಿಲಿಸಿ, ರಿಮ್ಮು ಮುಟ್ಟಿ ನೋಡುತ್ತೇವೆ. ಸೋಮೇಶ್ವರದಲ್ಲಿ ಎಲ್ಲರೂ ನಿಂತು ತಲೆ ಎಣಿಸುವುದು.