ಹತ್ತು ಅಡಿಕೆ, ಐದು ಹೊತ್ತು

“ನೋವನ್ನು ಅಡಿಕೆಯಲ್ಲಿ ಅಳೆಯುತ್ತೀರಾ? ಇನ್ನು ಜ್ವರಕ್ಕೆ ತೆಂಗಿನಕಾಯಿ ಇಡಿ” ಎಂದು ಜೀಪಿನಲ್ಲಿ ಕುಳಿತು ನಕ್ಕವರು ನನಗಿಂತ ಹಿರಿಯ ನರ್ಸ್. ಹೋದ ತಿಂಗಳು ಅವರೇ ಫೋನ್ ಮಾಡಿ ಒಂದು ಅಡಿಕೆ ಚೀಲ ಕಳುಹಿಸಲು ಹೇಳಿದರು. ಕಳುಹಿಸಿದೆ. ಬರೆಯುವ ಧೈರ್ಯ ಬಂದದ್ದು ಆಮೇಲೆ.

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಮನೆಮನೆಗೆ ಹೋಗುವ ಪಾಲಿಯೇಟಿವ್ ಆರೈಕೆ (ದೊಡ್ಡ ಕಾಯಿಲೆಯವರ ನೋವು, ನರಳಾಟ ತಗ್ಗಿಸುವುದು) ನನ್ನ ಕೆಲಸ. ರೋಗಿಯ ಮನೆಯ ರೂಢಿಗಳೊಡನೆ ಆರೈಕೆ ಹೇಗೆ ನಡೆಯಬೇಕೆಂದು ನರ್ಸಿಂಗ್ ಚಿಂತಕಿ ಲೈನಿಂಜರ್ ಹೇಳಿದ ಮೂರು ದಾರಿ (ಉಳಿಸುವುದು, ಹೊಂದಿಸುವುದು, ಬದಲಿಸುವುದು) ನಮಗೆಲ್ಲ ಪರೀಕ್ಷೆಗೆ ಬಾಯಿಪಾಠವಾಗಿತ್ತು. ಆಕೆ ಅದನ್ನು ಕಲಿಯಲು ನ್ಯೂಗಿನಿಯ ಗಾಡ್ಸಪ್ ಜನರ ನಡುವೆ ಹೋಗಿ ಇದ್ದವರು. ನಮಗೆ ಅಷ್ಟು ದೂರ ಬೇಡ, ಒಂದೇ ಗುಡ್ಡ ಇಳಿಯುವಷ್ಟರಲ್ಲಿ ತುಳು, ಬ್ಯಾರಿ, ಹವ್ಯಕ ಕನ್ನಡ, ಮಲಯಾಳ ಎದುರಾಗುತ್ತವೆ.

ಮೊದಲು ಸೋತದ್ದು ಕಾರ್ಡಿನಲ್ಲಿ. ಮಾತ್ರೆಯ ಹೊತ್ತನ್ನು ಕನ್ನಡ, ಮಲಯಾಳ ಎರಡರಲ್ಲೂ ಅಚ್ಚು ಹಾಕಿಸಿದೆ. ಇನ್ನೂರು ಕಾರ್ಡಿಗೆ ಎರಡೂವರೆ ಸಾವಿರದ ಮೇಲೆ ಹೋಯಿತು, ನನ್ನದೇ ಸಂಬಳದಿಂದ. ನಮ್ಮ ಫಾರಂಗಳು ಮಲಯಾಳದಲ್ಲಿ ಮಾತ್ರ ಬರುತ್ತವೆಂದು ಗೊಣಗುತ್ತಿದ್ದವಳಿಗೆ ಎರಡು ಲಿಪಿ ಹಾಕಿಸಿದ್ದೇ ದೊಡ್ಡ ಸಾಧನೆ ಅನ್ನಿಸಿತ್ತು. ಮಾತ್ರೆ ಕೊಡುವವರು ಹೆಚ್ಚಾಗಿ ಓದು ಬಾರದ ಅಜ್ಜಿಯರು ಎಂಬುದು ತಲೆಗೆ ಹೊಳೆದಿರಲಿಲ್ಲ. ಒಂದು ಮನೆಯಲ್ಲಿ ಕಾರ್ಡು ಅಕ್ಕಿ ಡಬ್ಬಿಯ ಮುಚ್ಚಳದಡಿ ಸಿಕ್ಕಿತು.

ಆಮೇಲೆ ಬಟ್ಟೆಯ ಚೀಲ, ಮಾತ್ರೆಯ ಐದು ಹೊತ್ತಿಗೆ ಐದು ಜೇಬು. ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ತಲಾ ಮೂವತ್ತೈದು ರೂಪಾಯಿಗೆ ಹೊಲಿದು ಕೊಟ್ಟರು. ಬಣ್ಣ ಆರಿಸಿದ್ದು ನಾನು, ರಾತ್ರಿಗೆ ಕಪ್ಪು. ಕಾಯಿಲೆಯವರ ತಲೆದೆಸೆಯಲ್ಲಿ ಕಪ್ಪು ಬಟ್ಟೆ ನೇತಾಡುವುದನ್ನು ಯಾರು ಸಹಿಸುತ್ತಾರೆ? ಚೀಲ ದನದ ಹಟ್ಟಿಯ ಗೂಟಕ್ಕೆ ಹೋಯಿತು. ಕೇಳದೆ ಮಾಡಿದರೆ ಹೀಗೇ.

ಬಣ್ಣ ಬಿಟ್ಟು ಮನೆಯ ಹೊತ್ತನ್ನೇ ಹಿಡಿದೆ. ತೀವ್ರ ನೋವಿಗೆ ಕೊಡುವ ಸಾದಾ ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ ಬೇಕು. ಬ್ಯಾರಿ ಮನೆಯೊಂದರಲ್ಲಿ ಐದು ನಮಾಜಿಗೆ ಐದು ಜೇಬು ಹೊಂದಿಸಿ ಬೀಗುತ್ತಾ ಬಂದೆ. ಮೂರನೇ ದಿನ ಹೋದರೆ ಅಜ್ಜಿ ಬೆಳಗ್ಗೆ ಹತ್ತಕ್ಕೆ ನರಳುತ್ತಿದ್ದರು. ಬೆಳಗಿನ ಸುಬಹಿಯಿಂದ ಮಧ್ಯಾಹ್ನದ ಲುಹರ್‌ವರೆಗೆ ಏಳು ಗಂಟೆಗೂ ಹೆಚ್ಚು ಅಂತರ, ಅಸರ್ ಆದ ಮೇಲೆ ಸಂಜೆಯ ಮಗ್ರಿಬ್, ರಾತ್ರಿಯ ಇಶಾ ಒಂದರ ಹಿಂದೆ ಒಂದು! ಸೊಸೆಯೊಡನೆ ಕುಳಿತು ಮತ್ತೆ ಲೆಕ್ಕ ಹಾಕಿದೆ: ಸುಬಹಿ, ಹತ್ತರ ಚಹಾ, ಮಧ್ಯಾಹ್ನ ಉಂಡ ಮೇಲೆ, ಮಗ್ರಿಬ್, ಮಲಗುವಾಗ ಎರಡು ಪಾಲು. ಹೆಚ್ಚುಕಡಿಮೆ ಆರು, ಹತ್ತು, ಎರಡು, ಆರು, ಹತ್ತು. ವೈದ್ಯರಿಗೆ ತೋರಿಸಿದಾಗ ಅವರೂ ಸರಿಯೆಂದರು. ಹವ್ಯಕರ ಮನೆಯಲ್ಲಿ ಇದೇ ಜೇಬುಗಳಿಗೆ ಬೆಳಗ್ಗಿನ ಕಾಫಿ, ದೀಪ ಹಚ್ಚುವ ಹೊತ್ತು ಎಂದು ಹೆಸರು. ರಂಜಾನಿನಲ್ಲಿ ಉಪವಾಸ ಹಿಡಿಯುತ್ತೇನೆಂದು ಅಜ್ಜಿ ಹಟ ಮಾಡಿದಾಗ ನನ್ನ ಮಾತು ನಡೆಯಲಿಲ್ಲ. ರೋಗಿಗೆ ವಿನಾಯಿತಿ ಇದೆ ಎಂದು ಮಸೀದಿಯ ಮುಸ್ಲಿಯಾರರೇ (ಧರ್ಮಗುರು) ಬಂದು ಹೇಳಬೇಕಾಯಿತು.

ಇನ್ನು ಅಡಿಕೆ. ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಎಂದರೆ ನಮ್ಮವರು “ತುಂಬಾ” ಎನ್ನುತ್ತಾರೆ, ಇಲ್ಲವೇ ಮಗ ಪಕ್ಕದಲ್ಲಿದ್ದರೆ “ಇಲ್ಲ”. ಹತ್ತು ಅಡಿಕೆ ಮುಂದಿಟ್ಟು, ನೋವಿನಷ್ಟನ್ನು ನನ್ನ ಕೈಗೆ ಹಾಕಿ ಎಂದೆ. ತೋಟದ ಅಜ್ಜ ಒಬ್ಬರು ಒಂದೊಂದನ್ನೂ ತಿರುಗಿಸಿ ನೋಡಿ, “ಇದು ಪಟೋರ, ಇದನ್ನು ಲೆಕ್ಕಕ್ಕೆ ಹಿಡಿಯಬೇಡ” ಎಂದು ಆ ಕಳಪೆ ಅಡಿಕೆಯನ್ನು ಬದಿಗಿಟ್ಟು ಏಳನ್ನು ಎಣಿಸಿ ಕೊಟ್ಟರು. ವಾರದ ಮೇಲೆ ಮೂರು ಕೊಟ್ಟರು. ಪಟೋರದ ಬದಲಿಗೆ ಒಳ್ಳೆಯ ಚಾಲಿ ಅಡಿಕೆಯೊಂದನ್ನು ತಾವೇ ಸೇರಿಸಿದ್ದರು.

ಇಲ್ಲೂ ಒಮ್ಮೆ ಎಡವಿದೆ, ನೆನೆದರೆ ಈಗಲೂ ನಾಚಿಕೆ. ಬಾಯಿಯ ಕ್ಯಾನ್ಸರ್ ಇದ್ದ ಹೆಂಗಸಿನ ಮುಂದೆ ಅಡಿಕೆ ಹರಡಿದೆ. ಆಕೆ ಒಂದನ್ನು ಎತ್ತಿ ಬಾಯಿಗೆ ಹಾಕಲು ಹೊರಟರು, ಮಗಳು ಅಳತೊಡಗಿದಳು. ಅಂಥ ಮನೆಗೆ ಈಗ ಹುಣಸೆ ಬೀಜ. ಗುಳಿಗಳಿಗೆ ಬೀಜ ಹಾಕುತ್ತಾ ಚೆನ್ನೆಮಣೆ ಆಡಿದ ಕೈಗಳಿಗೆ ಬೀಜವೇ ಇನ್ನೂ ಸಲೀಸು. ಹಾಗಾದರೆ ಚೆನ್ನೆಮಣೆಯನ್ನೇ ಒಯ್ದರೆ ಹೇಗೆ ಎಂದು ಒಂದು ಮಣೆ ಹೊತ್ತು ಹೋದೆ. ಒಂದು ಗುಳಿ ಬೆನ್ನಿಗೆ, ಒಂದು ಕಾಲಿಗೆ ಎಂದು ಯೋಜನೆ. ಆ ಮನೆಯ ಅಜ್ಜಿ ನನ್ನನ್ನು ಕೂರಿಸಿ ಎರಡು ಆಟ ಗೆದ್ದರು. ನೋವಿನ ಲೆಕ್ಕ ಸಿಗಲಿಲ್ಲ, ಆದರೆ ಆ ಅರ್ಧ ಗಂಟೆ ಅವರು ನರಳಲೂ ಇಲ್ಲ.

ಎಷ್ಟು ಎಂಬುದಕ್ಕಿಂತ ಎಂಥದ್ದು ಎಂಬುದು ಕಷ್ಟ. ತುಳುವಿನಲ್ಲಿ “ಬೇನೆ ಉಂಡಾ?” (ನೋವಿದೆಯಾ?) ಎಂದು ಕೇಳಿದರೆ “ಇಜ್ಜಿ” (ಇಲ್ಲ) ಎಂದವರೇ “ಉರಿ?” ಎಂದಾಗ ಕಾಲಿಡೀ ತೋರಿಸಿದರು. ಉರಿ ನರದ್ದಾದರೆ ಮಾರ್ಫಿನ್ ಒಂದೇ ಸಾಲುವುದಿಲ್ಲ, ಬೇರೆ ಮಾತ್ರೆ ಬೇಕು. ಅದಕ್ಕೇ ಪ್ರತಿ ಮನೆಯ ನೋವಿನ ಮಾತುಗಳನ್ನು ಪುಸ್ತಕದ ಹಿಂಪುಟದಲ್ಲಿ ಬರೆದಿಟ್ಟಿದ್ದೇನೆ.

ಸುಮಾರು ನಲವತ್ತು ಮನೆಗಳಲ್ಲಿ ಮೂವತ್ತರಷ್ಟರಲ್ಲಿ ಚೀಲ, ಅಡಿಕೆ ಎರಡೂ ನಡೆಯುತ್ತಿವೆ. ಮರೆವಿನ ಕಾಯಿಲೆಯವರಲ್ಲಿ ಏನೂ ನಡೆಯಲಿಲ್ಲ. ಅಡಿಕೆ ಎಣಿಸುವಾಗ ಮಗನನ್ನು ಕೋಣೆಯಿಂದ ಹೊರಗೆ ಕಳುಹಿಸುವ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮಕ್ಕಳೂ ಓದುತ್ತಾರೆ.