ಅರ್ಧ ಕಿಲೋ ವೆನಿಲ್ಲಾವನ್ನೂ ಮನೆಯಲ್ಲೇ ಸಂಸ್ಕರಿಸಬಹುದು: ನನ್ನ ಅನುಭವ

ಸಣ್ಣ ಪ್ರಮಾಣದಲ್ಲಿ ವೆನಿಲ್ಲಾ ಸಂಸ್ಕರಣೆ ಆಗುವುದೇ ಇಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಹಸಿ ಬೀನ್ಸ್, ಅಂದರೆ ವೆನಿಲ್ಲಾ ಬಳ್ಳಿಯ ಕಾಯಿ, ದೊಡ್ಡ ರಾಶಿಯಾಗಿ ಬೀಳದಿದ್ದರೆ ಕಾವು ನಿಲ್ಲುವುದಿಲ್ಲ, ಕಾವು ನಿಲ್ಲದಿದ್ದರೆ ಅದು ಬಿಸಿಯಲ್ಲಿ ಒದ್ದೆಯಾಗಿ ಬೆವರುವುದಿಲ್ಲ, ಬೆವರದಿದ್ದರೆ ಪರಿಮಳವಿಲ್ಲ. ಆದ್ದರಿಂದ ಹಸಿಯಾಗಿಯೇ ಮಾರಿಬಿಡು ಎಂಬುದು ಎಲ್ಲರ ಸಲಹೆ. ಈಗ ಕೆಲವು ಹಂಗಾಮುಗಳಿಂದ ಅರ್ಧ ಕಿಲೋದಷ್ಟು ಚಿಕ್ಕ ಕಂತುಗಳನ್ನೇ ಸಂಸ್ಕರಿಸುತ್ತಿದ್ದೇನೆ. ಬೆರಳಿಗೆ ಸುತ್ತಿದರೆ ಮುರಿಯದ, ಎಣ್ಣೆ ಸವರಿದಂತೆ ಹೊಳೆಯುವ ಕಪ್ಪು ಬೀನ್ಸ್ ಕೈಯಲ್ಲಿದೆ. ಆಗ ತಲೆ ಅಲ್ಲಾಡಿಸಿದವರಲ್ಲೇ ಒಬ್ಬರು ಈಚೆಗೆ ತಾವಾಗಿ ಕೇಳಿ ಒಂದು ಕಟ್ಟು ಒಯ್ದರು. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನೆಡುವುದು, ಆಸರೆ ಮರ, ಅರೆನೆರಳು, ತರಗೆಲೆಯ ಹೊದಿಕೆ ಇವೆಲ್ಲ ನಿಮಗೆ ಗೊತ್ತಿರುವುದೇ. ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ: ಕತ್ತರಿಸಿದ ತುದಿ ಮಣ್ಣಿನೊಳಗೆ ಹೋಗಬಾರದು. ಒಂದು ಮೀಟರ್ ಉದ್ದದ ತುಂಡನ್ನು ವಾರ, ಹತ್ತು ದಿನ ನೆರಳಲ್ಲಿ ಬಾಡಿಸಿ, ಎರಡು ಮೂರು ಗೆಣ್ಣುಗಳನ್ನು ಹೊದಿಕೆಯ ಕೆಳಗೆ ಮಲಗಿಸಿ, ಕತ್ತರಿಸಿದ ತುದಿಯನ್ನು ಹೊರಗೆ ಬಿಟ್ಟರೆ ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಬೇರು ಕೊಳೆಯ ಕಾಟ ಬಹಳ ಕಡಿಮೆ. ಮೊದಲು ತಂದ ಸಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ರೋಗಕ್ಕೇ ಹೋದವು. ಅದರ ಮೇಲೆ ಸುರಿದ ಔಷಧಿಯ ಹಣದಲ್ಲಿ ಇನ್ನೊಂದು ಸಾಲು ಸಸಿ ಬರುತ್ತಿತ್ತು. ಈಗ ಔಷಧಿ ಪೂರ್ತಿ ಬಿಟ್ಟಿದ್ದೇನೆ. ನೀರು ನಿಲ್ಲದ ಏರು, ಸಡಿಲವಾದ ಎಲೆಗೊಬ್ಬರ, ಇಷ್ಟರಲ್ಲೇ ಹನ್ನೆರಡೋ ಹದಿಮೂರೋ ಬಳ್ಳಿಗಳು ಗಟ್ಟಿಯಾಗಿ ನಿಂತಿವೆ.

ಹೂ ಬಿಡಿಸಲು ನೀರು ತಡೆಯುವುದು, ಕುಡಿ ಚಿವುಟುವುದು ಎಲ್ಲರೂ ಮಾಡುತ್ತಾರೆ. ನಾನು ಚಿವುಟುವ ಸಮಯವನ್ನು ಸ್ವಲ್ಪ ಬೇರೆಯಾಗಿ ಇಟ್ಟುಕೊಂಡಿದ್ದೇನೆ. ಅದು ಇನ್ನೂ ಒಂದೆರಡು ಹಂಗಾಮು ನನ್ನ ಬಳಿಯೇ ಇರಲಿ.

ಪರಾಗಸ್ಪರ್ಶದ ಕೆಲಸ ನನಗೆ ಅತ್ಯಂತ ಪ್ರಿಯವಾದದ್ದು. ಬೆಳಗ್ಗೆ ಅರಳಿದ ಹೂ ಮಧ್ಯಾಹ್ನದ ಹೊತ್ತಿಗೆ ಸೊರಗುತ್ತದೆ. ಎಡಗೈಯಲ್ಲಿ ಹೂವನ್ನು ಹಿಡಿದು, ಬಿದಿರಿನ ಚೂಪು ಕಡ್ಡಿಯಿಂದ ತುಟಿಯನ್ನು ಸೀಳಿ, ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಇರುವ ತೆಳು ಪೊರೆಯನ್ನು ಮೇಲಕ್ಕೆ ಎತ್ತಿ, ಹೆಬ್ಬೆರಳಿನಿಂದ ಹಳದಿ ಪರಾಗವನ್ನು ಮೆಲ್ಲಗೆ ಒತ್ತಿದರೆ ಮುಗಿಯಿತು. ಒತ್ತಿದ ಬೆರಳಿಗೆ ಅಂಟಂಟು ತಗುಲಿದರೆ ಪರಾಗ ಕೂತಿದೆ ಎಂದು ಅರ್ಥ. ಮರುದಿನ, ಅದರ ಮರುದಿನವೂ ಹೂ ಉದುರದೆ ಒಣಗಿಕೊಂಡು ನಿಂತಿದ್ದರೆ ಕಾಯಿ ಕಚ್ಚಿದೆ. ಈ ಕೈಚಳಕವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್, ಗುಲಾಮನಾಗಿದ್ದ ಹನ್ನೆರಡು ವರ್ಷದ ಹುಡುಗ. ಇಡೀ ಜಗತ್ತಿನ ವೆನಿಲ್ಲಾ ಕೃಷಿ ಅವನ ಬೆರಳ ತುದಿಯಿಂದ ಬೆಳೆದದ್ದು. ಅವನಿಗೆ ಸಿಕ್ಕಿದ್ದು ಮಾತ್ರ ಬಡತನ. ಹೂ ಮುಟ್ಟುವಾಗಲೆಲ್ಲ ಅವನ ನೆನಪಾಗುತ್ತದೆ. ಗೊಂಚಲಿನಲ್ಲಿ ಹದಿನೈದು ಇಪ್ಪತ್ತು ಹೂ ಇದ್ದರೂ ಎಂಟು, ಹತ್ತಕ್ಕೆ ನಿಲ್ಲಿಸುತ್ತೇನೆ. ಹೆಚ್ಚಿನದಕ್ಕೆ ಆಸೆಪಟ್ಟರೆ ಕಾಯಿ ಗಿಡ್ಡವಾಗುತ್ತದೆ, ಬಳ್ಳಿಯೂ ಬಳಲುತ್ತದೆ.

ಇನ್ನು ಮುಖ್ಯ ವಿಷಯ. ಒಂದು ಗೊಂಚಲಿನ ಹೂಗಳು ದಿನಕ್ಕೆ ಒಂದೆರಡರಂತೆ ಅರಳುತ್ತವೆ. ಹಾಗೆಯೇ ಬೀನ್ಸ್ ಕೂಡ ಎಂಟು ಒಂಬತ್ತು ತಿಂಗಳ ಮೇಲೆ ಒಂದೊಂದಾಗಿ ಬಲಿಯುತ್ತವೆ. ತುದಿ ಹಳದಿಯಾದಾಗಲೇ ಕೊಯ್ಯಬೇಕು ಎಂದರೆ ಮನೆಯ ಬೆಳೆಗಾರನಿಗೆ ಒಮ್ಮೆಗೆ ಸಿಗುವುದು ಒಂದು ಹಿಡಿ ಮಾತ್ರ. ರಾಶಿ ಬೇಕೆಂದು ಎಲ್ಲವನ್ನೂ ಒಟ್ಟಿಗೆ ಕೊಯ್ದರೆ ಅರ್ಧ ಎಳೆಯದು. ಎಳೆಯ ಬೀನ್ಸಿನಲ್ಲಿ ವೆನಿಲಿನ್ (ಪರಿಮಳ ಕೊಡುವ ಮುಖ್ಯ ವಸ್ತು) ಆಗಬೇಕಾದ ಸರಕೇ ಸಾಲದು, ಯಾವ ಸಂಸ್ಕರಣೆಯೂ ಅದನ್ನು ತುಂಬಿಕೊಡುವುದಿಲ್ಲ. ಬಲಿತದ್ದನ್ನು ಬಳ್ಳಿಯಲ್ಲೇ ಕಾಯಿಸಿದರೆ ತುದಿಯಿಂದ ಸೀಳುತ್ತದೆ. ದೊಡ್ಡ ರಾಶಿಯ ಸಲಹೆ ಕೊಡುವವರು ಈ ಇಕ್ಕಟ್ಟಿನ ಬಗ್ಗೆ ಮಾತಾಡುವುದೇ ಇಲ್ಲ. ನನಗೆ ಬೇಕಾಗಿದ್ದದ್ದು ಸಣ್ಣ ಕಂತನ್ನು ಬೆವರಿಸುವ ದಾರಿ.

ಬಿಸಿಲು ಮತ್ತು ಕಂಬಳಿಯ ಕ್ರಮದಿಂದ ಶುರುವಾಯಿತು. ದೊಡ್ಡ ಪ್ರಮಾಣಕ್ಕೆ ಅದು ಚಿನ್ನದಂಥ ಕ್ರಮ, ಇಲ್ಲವೆನ್ನುವುದಿಲ್ಲ. ಅರ್ಧ ಕಿಲೋಗೆ ಮಾತ್ರ ಅದು ಒಗ್ಗಲಿಲ್ಲ. ಸಂಜೆ ಬಿಸಿಬಿಸಿಯಾಗಿ ಸುತ್ತಿಟ್ಟದ್ದು ಮಧ್ಯರಾತ್ರಿಗೆ ತಣ್ಣಗಾಗುತ್ತಿತ್ತು, ನಾಲ್ಕೈದು ದಿನಕ್ಕೆ ತೊಟ್ಟಿನ ಬಳಿ ಬಿಳಿ ಬೂಷ್ಟು. ಮೋಡ ಕವಿದ ವಾರದಲ್ಲಿ ಇಡೀ ಕಂತು ಗೊಬ್ಬರದ ಗುಂಡಿಗೆ ಹೋಯಿತು. ಆಮೇಲೆ ಓವನ್: ಅತಿ ಕಡಿಮೆ ಎಂದರೂ ಅದರ ಕಾವು ಏರಿಳಿಯುತ್ತದೆ, ಬೀನ್ಸ್ ಹೊರಗೆ ಸುಕ್ಕಾಗಿ ಒಳಗೆ ಹಸಿಯಾಗಿಯೇ ಉಳಿಯಿತು. ಹಣ್ಣು ಒಣಗಿಸುವ ಯಂತ್ರಕ್ಕೆ ಇಡೀ ಬಳ್ಳಿಗೆ ಹಾಕಿದ್ದಕ್ಕಿಂತ ಹೆಚ್ಚು ಹಣ ಸುರಿದೆ. ಅದು ಎರಡು ದಿನದಲ್ಲಿ ಒಣಗಿಸಿಕೊಟ್ಟಿತು. ಮೂಸಿದರೆ ಹುಲ್ಲಿನ ವಾಸನೆ, ಬಗ್ಗಿಸಿದರೆ ಪಟ್ಟನೆ ಮುರಿತ. ಒಣಗುವುದೇ ಬೇರೆ, ಬೆವರುವುದೇ ಬೇರೆ. ಬೆವರುವಾಗ ಬೀನ್ಸ್ ಒದ್ದೆಯಾಗಿಯೂ ಬಿಸಿಯಾಗಿಯೂ ಇರಬೇಕು, ಆಗಲೇ ಒಳಗಿನ ಕಿಣ್ವ ಗ್ಲುಕೋವೆನಿಲಿನ್ ಅನ್ನು, ಅಂದರೆ ಸಕ್ಕರೆಗೆ ಅಂಟಿಕೊಂಡಿರುವ ವೆನಿಲಿನ್ ಅನ್ನು, ಒಡೆದು ವೆನಿಲಿನ್ ಬಿಡಿಸುತ್ತದೆ.

ಇದು ತಿಳಿದ ಮೇಲೆ ಲೆಕ್ಕ ಸರಳವಾಯಿತು. ರಾಶಿ ಮಾಡುವ ಕೆಲಸವೆಂದರೆ ಕಾವನ್ನು ಹಿಡಿದಿಡುವುದು ತಾನೇ? ಆ ಕಾವನ್ನು ಹೊರಗಿನಿಂದ ಕೊಟ್ಟರೆ ರಾಶಿ ಏಕೆ ಬೇಕು? ಥರ್ಮೋಕೋಲ್ ಪೆಟ್ಟಿಗೆ, ಒಂದು ಹಳೆಯ ಬಗೆಯ ಬಲ್ಬ್, ಅದಕ್ಕೊಂದು ತಗಡಿನ ಮರೆ, ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಹಾಕುವಂಥ ಥರ್ಮೋಸ್ಟಾಟ್. ಒಣಗಿಸುವ ಯಂತ್ರಕ್ಕೆ ಕೊಟ್ಟದ್ದರ ಹತ್ತನೆಯ ಒಂದು ಭಾಗವೂ ಖರ್ಚಾಗಲಿಲ್ಲ. ಬಲ್ಬು ಥರ್ಮೋಕೋಲಿಗೆ ತಾಗದಂತೆ ನೋಡಿಕೊಳ್ಳಿ.

ಬೆವರಿಸುವ ಮೊದಲು ಬೀನ್ಸಿನ ಜೀವ ನಿಲ್ಲಿಸಲು ಬಿಸಿನೀರಲ್ಲಿ ಅದ್ದಬೇಕು: 63ರಿಂದ 65 ಡಿಗ್ರಿ, ಮೂರು ನಿಮಿಷ. ಸಣ್ಣ ಕಂತಿನ ತೊಂದರೆ ಇಲ್ಲೂ ಇದೆ: ಚಿಕ್ಕ ಪಾತ್ರೆಯಲ್ಲಿ ಬೀನ್ಸ್ ಬಿದ್ದ ಕೂಡಲೇ ನೀರಿನ ಬಿಸಿ ಐದಾರು ಡಿಗ್ರಿ ಇಳಿಯುತ್ತದೆ. ನಾನು ಅರ್ಧ ಕಿಲೋಗೆ ಏಳೆಂಟು ಲೀಟರ್ ನೀರು ಇಡುತ್ತೇನೆ, ಒಲೆ ಆರಿಸಿ ಪಾತ್ರೆಗೆ ದಪ್ಪ ಬಟ್ಟೆ ಸುತ್ತುತ್ತೇನೆ. ಗಿಡ್ಡ ಬೀನ್ಸನ್ನು ಬೇರೆ ಮಾಡಿ ಎರಡೇ ನಿಮಿಷಕ್ಕೆ ತೆಗೆಯುತ್ತೇನೆ. ಹೆಚ್ಚು ಬಿಸಿಯಾದರೆ ಕಿಣ್ವವೇ ಸಾಯುತ್ತದೆ. ಆ ಬೀನ್ಸ್ ಕಪ್ಪಾಗಬಹುದು, ಪರಿಮಳ ಬರುವುದಿಲ್ಲ. ತೆಗೆದ ತಕ್ಷಣ ನೀರು ಸೋರಿಸಿ, ಉಣ್ಣೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಮೊದಲೇ ಬಿಸಿಯಾಗಿರುವ ಪೆಟ್ಟಿಗೆಗೆ. 48 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು ಎರಡು ದಿನ. ಒಂದು ದಿನ ಕಳೆದು ಮುಚ್ಚಳ ತೆಗೆದಾಗ ಹಸಿರೆಲ್ಲ ಹೋಗಿ ಕಂದು ಬಣ್ಣ ಬಂದಿರುತ್ತದೆ, ಮೈಮೇಲೆ ಹನಿ ಕಟ್ಟಿರುತ್ತದೆ. ಆ ಹೊತ್ತಿನ ವಾಸನೆ ಅಷ್ಟೇನೂ ಹಿತವಾದದ್ದಲ್ಲ, ಬೇಯಿಸಿದ ಸೊಪ್ಪು ನೆನಪಾಗುತ್ತದೆ. ಹೆದರಬೇಡಿ. ಪೆಟ್ಟಿಗೆಯೊಳಗೆ ಬೀನ್ಸಿನ ಜೊತೆ ನಾನು ಇಡುವ ಇನ್ನೊಂದು ವಸ್ತುವಿದೆ. ಬೂಷ್ಟು ಪೂರ್ತಿ ನಿಂತದ್ದು ಅದರಿಂದ ಎಂದು ನನ್ನ ನಂಬಿಕೆ. ಅದನ್ನು ಇನ್ನೊಂದು ಹಂಗಾಮು ಪರೀಕ್ಷಿಸದೆ ಹೇಳುವುದಿಲ್ಲ.

ಆಮೇಲಿನದು ತಾಳ್ಮೆಯ ಕೆಲಸ. ಎರಡು ವಾರ ದಿನಕ್ಕೆ ಒಂದೆರಡು ಗಂಟೆ ಬಿಸಿಲು, ಬಿಸಿ ಇರುವಾಗಲೇ ಸುತ್ತಿ ಪೆಟ್ಟಿಗೆಗೆ. ಮೋಡವಿದ್ದ ದಿನ ಬಲ್ಬೇ ಬಿಸಿಲು. ಅಲ್ಲಿಂದ ಮುಂದೆ ನೆರಳಿನಲ್ಲಿ, ಜಾಲರಿಯ ಮೇಲೆ ಒಂದೂವರೆ ಎರಡು ತಿಂಗಳು. ತೂಕ ಹಿಡಿದು ನೋಡುವುದೇ ನನ್ನ ಅಳತೆ. ಹಸಿ ತೂಕದ ಮೂರನೆಯ ಒಂದು ಭಾಗಕ್ಕೆ ಇಳಿದಾಗ ದಿನಾ ಬೆರಳುಗಳ ನಡುವೆ ನೀವುತ್ತೇನೆ. ಐದನೆಯ ಒಂದು ಭಾಗದ ಹತ್ತಿರ ಬಂದಾಗ ನಿಲ್ಲಿಸುತ್ತೇನೆ. ಕಡೆಗೆ ಮುಚ್ಚಿದ ಗಾಜಿನ ಜಾಡಿಯಲ್ಲಿ ಕನಿಷ್ಠ ಮೂರು ತಿಂಗಳು. ನಿಜವಾದ ಪರಿಮಳ ಹುಟ್ಟುವುದು ಜಾಡಿಯಲ್ಲಿಯೇ.

ನಡುವೆ ಪಕ್ಕದ ಪ್ರಯೋಗಗಳೂ ನಡೆದವು. ಬಿಸಿನೀರಿನ ಬದಲು ಒಂದು ದಿನ ಫ್ರೀಜರಿನಲ್ಲಿಟ್ಟು ನೋಡಿದೆ. ಕೆಲಸ ಆಗುತ್ತದೆ, ಪರಿಮಳವೂ ಕಡಿಮೆಯಿಲ್ಲ. ಆದರೆ ಕರಗಿದ ಬೀನ್ಸ್ ಮೆತ್ತಗಾಗಿ ನೀರು ಬಿಡುತ್ತದೆ, ನೋಟಕ್ಕೆ ಚೆನ್ನಿಲ್ಲ. ಅರ್ಕ ತೆಗೆಯುವುದಕ್ಕೆ ಆ ದಾರಿ ಧಾರಾಳವಾಗಿ ಸಾಕು. ಸೀಳಿದ ಮತ್ತು ಗಿಡ್ಡ ಬೀನ್ಸನ್ನು ಈಗ ಅರ್ಕಕ್ಕೇ ಹಾಕುತ್ತೇನೆ: 35ರಿಂದ 40 ಶೇಕಡಾ ಮದ್ಯಸಾರ ಇರುವ ಒಂದು ಲೀಟರಿಗೆ ನೂರು ಗ್ರಾಂ, ಕತ್ತಲಲ್ಲಿ ಆರು ತಿಂಗಳಿಗೆ ಕಡಿಮೆಯಿಲ್ಲ. ಬೀನ್ಸನ್ನು ನಿರ್ವಾತ ಚೀಲದಲ್ಲಿ ಬೆವರಿಸಿದ ಕಂತು ಮಾತ್ರ ಹುಳಿ ವಾಸನೆ ಹಿಡಿಯಿತು. ಉಸಿರಾಡದ ಬೀನ್ಸ್ ಹದಕ್ಕೆ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಣದ ಮಾತು. ಐದಾರು ಕಿಲೋ ಹಸಿಗೆ ಒಂದು ಕಿಲೋ ಒಣ ಬೀನ್ಸ್. ನನಗೆ ಹಂಗಾಮಿಗೆ ಮೂರು ಮೂರೂವರೆ ಕಿಲೋ ಹಸಿ ಬರುತ್ತದೆ, ಅಂದರೆ ಆರುನೂರು ಗ್ರಾಂ ಆಸುಪಾಸು. ಇದನ್ನು ಆದಾಯವೆಂದು ಎಣಿಸಬೇಡಿ. ಜಾಗತಿಕ ಬೆಲೆ 2003-04ರ ಸುಮಾರಿಗೆ ಕಿಲೋಗೆ 500 ಡಾಲರ್ ತನಕ ಏರಿ, ಒಂದೆರಡು ವರ್ಷದಲ್ಲಿ ನೆಲಕಚ್ಚಿತು. 2018ರ ಹೊತ್ತಿಗೆ ಮತ್ತೆ ಅಷ್ಟೇ ಎತ್ತರಕ್ಕೆ ಹೋಗಿ ಪುನಃ ಬಿತ್ತು. ಆ ಏರಿಳಿತ ನಂಬಿ ಸಾಲ ಮಾಡಿದವರ ಪಾಡು ನಮ್ಮೆಲ್ಲರಿಗೂ ಗೊತ್ತು. ಮನೆಯ ಬಳಕೆಗೆ, ಸ್ನೇಹಿತರಿಗೆ, ಒಂದಿಷ್ಟು ಮಾರಾಟಕ್ಕೆ ಎಂದು ಬೆಳೆದರೆ ನೆಮ್ಮದಿ. ಪೆಟ್ಟಿಗೆಯ ಖರ್ಚು ಮೊದಲ ಒಳ್ಳೆಯ ಕಂತಿನಲ್ಲೇ ಹೊರಟಿತು; ಯಂತ್ರದ ಖರ್ಚು ಇನ್ನೂ ಹೊರಟಿಲ್ಲ.

ಜಾಡಿಯಲ್ಲಿ ಬಿಳಿ ಕಂಡಿತೆಂದು ಗಾಬರಿಯಾಗಿ ಕೇಳುವವರು ಬಹಳ, ಅದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ಬೀನ್ಸನ್ನು ಬೆಳಕಿಗೆ ಹಿಡಿದು ತಿರುಗಿಸಿ. ಸೂಜಿಯಾಕಾರದ ಹರಳುಗಳು ಮಿನುಗಿದರೆ ಅದು ವೆನಿಲಿನ್, ನಿಮ್ಮ ಬೀನ್ಸ್ ಉತ್ತಮ ದರ್ಜೆಯದು. ಮಂಕಾಗಿ ಹತ್ತಿಯ ಎಳೆ ಕಂಡರೆ ಬೂಷ್ಟು. ಆ ಬೀನ್ಸನ್ನು ಅಂದೇ ಎಸೆದು, ಉಳಿದವನ್ನು ಮದ್ಯಸಾರದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಎರಡು ದಿನ ಗಾಳಿಗೆ ಬಿಟ್ಟು ಬೇರೆ ಜಾಡಿಗೆ ಹಾಕಿ. ಮುಂದಿನ ಎರಡು ವಾರ ಆ ಜಾಡಿಯನ್ನು ದಿನ ಬಿಟ್ಟು ದಿನ ತೆರೆದು ನೋಡಿ.